ಔಷಧದ ಡಬ್ಬಿ ಆಮೇಲೆ, ಮೊದಲು ಎಲೆ ತಿರುಗಿಸಿ ನೋಡಿ

ವಿಜಯಪುರದ ಬೇಸಿಗೆಯಲ್ಲಿ ಹಿತ್ತಲು ಹಸಿರಾಗಿ ಇಟ್ಟುಕೊಳ್ಳೋದು ಸುಲಭದ ಕೆಲಸ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ನಮ್ಮ ಮನೆ ಮುಂದಿನ ರಸ್ತೆಗೆ ಇನ್ನೂ ಡಾಂಬರು ಬಿದ್ದಿಲ್ಲ, ಹೀಗಾಗಿ ಒಂದು ಟ್ರ್ಯಾಕ್ಟರ್ ಹೋದರೆ ಬದನೆ ಎಲೆಗಳೆಲ್ಲ ಧೂಳಾಗುತ್ತವೆ. ಆದರೂ ನಾನು ವರ್ಷಗಳಿಂದ ಬೇಸಿಗೆಯಲ್ಲಿ ಬದನೆ, ಮೆಣಸಿನಕಾಯಿ, ಬೆಂಡೆ, ಟೊಮೆಟೊ ಬೆಳೆಯುತ್ತಿದ್ದೇನೆ. ದಾಸವಾಳ, ಪಪ್ಪಾಯಿ ಗಿಡಗಳೂ ಇವೆ. ಗಿಡ ಬಾಡಿತು ಅಂದ ಕೂಡಲೇ ಅಂಗಡಿಗೆ ಓಡಿ ಯಾವುದೋ ಔಷಧ ತಂದು ಹೊಡೆಯುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಕಾರಣ ಏನು ಅಂತ ಎಲೆಯ ಅಡಿಯಲ್ಲೇ ಬರೆದಿರುತ್ತದೆ, ತಿರುಗಿಸಿ ನೋಡಬೇಕು ಅಷ್ಟೇ.

ಬೇಸಿಗೆಯಲ್ಲಿ ನಾನು ಜಾಸ್ತಿ ಎಚ್ಚರ ಇರುವುದು ಕೆಂಪು ನುಸಿಯ ಬಗ್ಗೆ. ಎಲೆಯ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ಬಿಳಿ ಚುಕ್ಕೆಗಳು ಕಾಣುತ್ತವೆ. ಆಮೇಲೆ ಎಲೆ ಹಳದಿಯಾಗಿ, ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಅನುಮಾನ ಬಂದರೆ ಎಲೆಯ ಅಡಿ ಒಂದು ಬಿಳಿ ಹಾಳೆ ಹಿಡಿದು ಎರಡು ಸಲ ತಟ್ಟುತ್ತೇನೆ. ಹಾಳೆ ಮೇಲೆ ಬಿದ್ದದ್ದು ಧೂಳಾದರೆ ಸುಮ್ಮನಿರುತ್ತದೆ. ನುಸಿಯಾದರೆ ನಿಧಾನವಾಗಿ ಹರಿದಾಡುತ್ತದೆ. ಬೆರಳಿಂದ ಒರೆಸಿದರೆ ಕೆಂಪು ಗೆರೆ ಮೂಡುತ್ತದೆ. ಜೋರಾಗಿ ಹತ್ತಿದ ಗಿಡದ ತುದಿಯಲ್ಲಿ ತೆಳ್ಳನೆಯ ಬಲೆಯೂ ಇರುತ್ತದೆ.

ಈ ನುಸಿ ಕೀಟವೇ ಅಲ್ಲ. ಎಂಟು ಕಾಲಿನ, ಜೇಡನ ಬಳಗದ ಜೀವಿ. ಅದಕ್ಕೇ ಸಾಮಾನ್ಯ ಕೀಟನಾಶಕಗಳಿಗೆ ಅದು ಜಗ್ಗುವುದಿಲ್ಲ. ಅವನ್ನು ಹೊಡೆದರೆ ನುಸಿಯನ್ನು ತಿನ್ನುವ ಒಳ್ಳೆಯ ಹುಳುಗಳು ಸಾಯುತ್ತವೆ, ನುಸಿ ಇನ್ನೂ ಹೆಚ್ಚಾಗುತ್ತದೆ. ಬಿಸಿಲು ಏರಿದಷ್ಟೂ ಇದರ ಸಂತಾನ ಬೇಗ ಬೆಳೆಯುತ್ತದೆ. ಕಡು ಬೇಸಿಗೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲಿಕ್ಕೆ ಒಂದು ವಾರ ಸಾಕು.

ನನ್ನ ಮೊದಲ ಮದ್ದು ನೀರು. ಬೆಳಿಗ್ಗೆ ಬಿಸಿಲೇರುವ ಮೊದಲು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಕೆಳಗಿನಿಂದ ಮೇಲಕ್ಕೆ, ಎಲೆಯ ಅಡಿಗೆ ಬಡಿಯುವಂತೆ ನೀರು ಬಿಡುತ್ತೇನೆ. ಧೂಳೂ ಹೋಗುತ್ತದೆ, ನುಸಿಯೂ ಉದುರುತ್ತದೆ, ಬಲೆಯೂ ಹರಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಬಿಡದೆ ಮಾಡಬೇಕು, ಯಾಕಂದರೆ ಮೊಟ್ಟೆಗಳು ಎಲೆಗೆ ಅಂಟಿಕೊಂಡೇ ಇರುತ್ತವೆ.

ಮೆಣಸಿನ ಗಿಡದ ಮುಟುರು ಬೇರೆ ಕಥೆ. ಎಲೆ ಯಾವ ಕಡೆ ಮುದುಡಿದೆ ಅಂತ ನೋಡಬೇಕು. ಅಂಚು ಮೇಲಕ್ಕೆ ಎದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್, ಅಂದರೆ ಎಲೆಯ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ ಬಾಗಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಹಳದಿ ನುಸಿ. ಎಲೆ ಸಣ್ಣದಾಗಿ, ಸುಕ್ಕುಗಟ್ಟಿ, ಗಿಡವೇ ಕುಳ್ಳಾಗಿ ನಿಂತುಬಿಟ್ಟರೆ ನಂಜು ರೋಗ, ಅಂದರೆ ವೈರಸ್. ಥ್ರಿಪ್ಸ್‌ಗೆ ಬೇವಿನ ಬೀಜದ ಕಷಾಯ ಹೊಡೆಯುತ್ತೇನೆ, ಮಾಡುವ ರೀತಿ ಕೊನೆಯಲ್ಲಿ ಹೇಳಿದ್ದೇನೆ. ನುಸಿಗೆ ನೀರಲ್ಲಿ ಬೆರೆಯುವ ಗಂಧಕದ ಪುಡಿ, ಲೀಟರಿಗೆ 2–3 ಗ್ರಾಂ. ಈ ಗಂಧಕ ಬೂದಿ ರೋಗಕ್ಕೂ ಆಗುತ್ತದೆ. ಆದರೆ ಬಿಸಿಲು ಕಾಲದಲ್ಲಿ ಇದು ಎಲೆಯನ್ನೇ ಸುಡುತ್ತದೆ. ಹಾಗಾಗಿ ಮೇ ತಿಂಗಳ ಉರಿಯಲ್ಲಿ ನಾನು ಅದನ್ನು ಮುಟ್ಟುವುದಿಲ್ಲ. ಬೇವಿನ ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರದೊಳಗೆ ಗಂಧಕ ಹಾಕಲೇಬಾರದು. ಹೀರೆ, ಸೌತೆ ಬಳ್ಳಿಗಳಿಗಂತೂ ಬೇಡವೇ ಬೇಡ.

ಬೇವಿನ ಎಣ್ಣೆಯ ವಿಷಯದಲ್ಲಿ ನಮ್ಮ ಊರಿನವರು ಒಂದು ಮಾತು ಗಮನಿಸಬೇಕು. ನಮ್ಮ ಬೋರ್‌ವೆಲ್ ನೀರು ಗಡುಸು. ಅದರಲ್ಲಿ ಸೋಪು ನೊರೆಯಾಗುವ ಬದಲು ಬಿಳಿ ಗಸಿಯಾಗಿ ಒಡೆಯುತ್ತದೆ. ಎಣ್ಣೆ ನೀರಿಗೆ ಬೆರೆಯದೆ ಮೇಲೆ ತೇಲುತ್ತದೆ. ಆಗ ಒಂದು ಗಿಡಕ್ಕೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. "ಬೇವಿನ ಎಣ್ಣೆಯಿಂದಲೇ ಗಿಡ ಸತ್ತಿತು" ಅನ್ನುವವರ ಕಥೆ ಎಷ್ಟೋ ಸಲ ಇದೇ ಆಗಿರುತ್ತದೆ. ನಾನು ಇದಕ್ಕೆ ಶುದ್ಧ ನೀರಿನ ಘಟಕದಿಂದ ತಂದ ಕುಡಿಯುವ ನೀರನ್ನೇ ಬಳಸುತ್ತೇನೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ 1 ಮಿಲಿ ದ್ರವ ಸೋಪು, 5 ಮಿಲಿ ಎಣ್ಣೆ ಹಾಕಿ ಹಾಲಿನ ಬಣ್ಣ ಬರುವ ತನಕ ಕಡೆಯುತ್ತೇನೆ. ಆಮೇಲೆ ಅದನ್ನು ಒಂದು ಲೀಟರ್ ಮಾಡಿಕೊಳ್ಳುತ್ತೇನೆ. ಹೊತ್ತು ಮುಳುಗಿದ ಮೇಲೆ ಹೊಡೆಯಬೇಕು. ಬಿಸಿಲಿಗೆ ಬೇವಿನ ಸತ್ವ ಬೇಗ ಹಾಳಾಗುತ್ತದೆ, ಗಿಡಕ್ಕೂ ಕಷ್ಟ. ಮೊದಲು ಒಂದೆರಡು ಎಲೆಗೆ ಹೊಡೆದು ಮರುದಿನ ನೋಡಿ, ಆಮೇಲೆ ಇಡೀ ಗಿಡಕ್ಕೆ.

ದಾಸವಾಳಕ್ಕೆ ಹಿಟ್ಟು ತಿಗಣೆ (ಮೈಗೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ರಸ ಹೀರುವ ಹುಳು) ಬಂದಾಗ ನನಗೆ ದಾರಿ ತೋರಿಸಿದವರು ನಮ್ಮ ಕಾಕಾ. ಇಂಡಿ ಕಡೆ ಅವರದು ಲಿಂಬೆ ತೋಟ. ಗಿಡದ ಬುಡದಲ್ಲಿ ಕೂತು, "ಹುಳಾ ಆಮ್ಯಾಲ ನೋಡವಾ, ಮೊದಲ ಇರಬಿ ಎಲ್ಲಿಂದ ಹತ್ತತಾವ ನೋಡ" ಅಂದರು. ನಿಜ. ಹಿಟ್ಟು ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆಗಳು ಬರುತ್ತವೆ. ಆ ಸಿಹಿಗಾಗಿ ತಿಗಣೆಯನ್ನು ಅವು ಶತ್ರುಗಳಿಂದ ಕಾಯುತ್ತವೆ. ಈಗ ನಾನು ಬುಡಕ್ಕೆ ಬಟ್ಟೆ ಪಟ್ಟಿ ಸುತ್ತಿ ಔಡಲ ಎಣ್ಣೆ ಸವರುತ್ತೇನೆ. ಗೋಡೆಗೆ ತಾಗಿದ ಟೊಂಗೆ ಕತ್ತರಿಸುತ್ತೇನೆ, ಇಲ್ಲದಿದ್ದರೆ ಇರುವೆ ಆ ದಾರಿ ಹಿಡಿಯುತ್ತದೆ. ತಿಗಣೆ ತುಂಬಿದ ತುದಿಗಳನ್ನು ಕತ್ತರಿಸಿ ಸೋಪಿನ ನೀರಿನ ಬಕೆಟ್‌ಗೆ ಹಾಕುತ್ತೇನೆ. ಉಳಿದದ್ದನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತೇನೆ.

ತಿಕ್ಕುವ ಮೊದಲು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲಿ. ತಿಗಣೆಗಳ ನಡುವೆ ಅವಕ್ಕಿಂತ ದೊಡ್ಡದು, ಮೈತುಂಬ ಉದ್ದುದ್ದ ಬಿಳಿ ಎಳೆಗಳಿರುವುದು, ಚುರುಕಾಗಿ ಓಡಾಡುವುದು ಒಂದು ಇರಬಹುದು. ಅದು ಗುಲಗಂಜಿ ಹುಳುವಿನ ಮರಿ. ತಿಗಣೆಯ ವೇಷದಲ್ಲೇ ಇದ್ದು ತಿಗಣೆಯನ್ನೇ ತಿನ್ನುತ್ತದೆ. ಅದನ್ನು ಕೊಂದರೆ ನಮಗೇ ನಷ್ಟ.

ಪಪ್ಪಾಯಿಗೂ ನಾನು ವಿಷ ಹೊಡೆಯುವುದಿಲ್ಲ. 2008ರಲ್ಲಿ ಹೊರದೇಶದ ಪಪ್ಪಾಯಿ ಹಿಟ್ಟು ತಿಗಣೆ ಮೊದಲು ತಮಿಳುನಾಡಿನ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಔಷಧಗಳಿಗೆ ಅದು ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಪೋರ್ಟೊರಿಕೊದಿಂದ ಸಣ್ಣ ಪರೋಪಜೀವಿ ಕಣಜಗಳನ್ನು ತರಿಸಿ ಬಿಟ್ಟರು. ಅವು ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಹತೋಟಿಗೆ ತಂದವು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿ ಇಷ್ಟು ದೊಡ್ಡ ಕೆಲಸ ಮಾಡಿತು ಅಂದರೆ ನನಗೆ ಈಗಲೂ ಬೆರಗು.

ಬೆಂಡೆಯ ಎಲೆಯ ನರಗಳು ಹಳದಿ ಬಲೆಯಂತಾದರೆ, ಟೊಮೆಟೊ ತುದಿ ಮುರುಟಿ ಗೊಂಚಲಾದರೆ, ಅದು ಬಿಳಿ ನೊಣ ತಂದ ನಂಜು. ಇದಕ್ಕೆ ಮದ್ದಿಲ್ಲ. ಎಷ್ಟೇ ಪ್ರೀತಿಯ ಗಿಡ ಇರಲಿ, ಅದೇ ದಿನ ಕಿತ್ತು ಹಾಕುತ್ತೇನೆ. ಇಲ್ಲದಿದ್ದರೆ ನೊಣ ಅದನ್ನು ಪಕ್ಕದ ಗಿಡಕ್ಕೆ ಒಯ್ಯುತ್ತದೆ. ಡಬ್ಬಿ ಮುಚ್ಚಳಗಳಿಗೆ ಹಳದಿ ಬಣ್ಣ ಹಚ್ಚಿ, ಔಡಲ ಎಣ್ಣೆ ಸವರಿ ಗಿಡದ ಎತ್ತರಕ್ಕೆ ಕಟ್ಟುತ್ತೇನೆ. ನೊಣ ಬಂದು ಅಂಟುತ್ತವೆ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ ಬೀಜ ಹಾಕುತ್ತೇನೆ. ಆ ತಳಿ ಮಾಡಿದ್ದೇ ಹಳದಿ ನಂಜು ತಡೆಯಲಿಕ್ಕೆ.

ಎಲ್ಲವೂ ರೋಗ ಅಲ್ಲ, ಇದನ್ನೂ ಹೇಳಬೇಕು. ಮಧ್ಯಾಹ್ನ ಎಲೆ ಜೋತು, ಸಂಜೆ ಎದ್ದು ನಿಂತರೆ ಅದು ಬಿಸಿಲಿನ ಆಯಾಸ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಳಗಿಳಿದರೆ, ನೀರು ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಆಗಿ ಕಾಯಿಗೆ ಸುಣ್ಣದ ಅಂಶ ಮುಟ್ಟಿಲ್ಲ ಅಂತ ಅರ್ಥ. ಇವಕ್ಕೆ ಔಷಧ ಹೊಡೆದು ಏನು ಪ್ರಯೋಜನ, ಅಲ್ವಾ? ಬುಡಕ್ಕೆ ಕಬ್ಬಿನ ರವದಿ ಅಥವಾ ತೊಗರಿ ಹೊಟ್ಟು ಹೊದಿಸಿ, ಬೆಳಿಗ್ಗೆ ಸಮನಾಗಿ ನೀರು ಕೊಟ್ಟರೆ ಅರ್ಧ ತೊಂದರೆ ಹೋಗುತ್ತದೆ. ಹೊದಿಕೆ ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ, ಇಲ್ಲದಿದ್ದರೆ ಒರಲೆ ಹತ್ತುತ್ತದೆ.

ಬೇವಿನ ಕಷಾಯಕ್ಕೆ ಬೀಜ ಬೇಸಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಜೂನ್ ಹೊತ್ತಿಗೆ ಹಣ್ಣು ಉದುರುತ್ತವೆ. ಆಗ ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕಟ್ಟಿಡುತ್ತೇನೆ. ಬೇಕಾದಾಗ ಒಳಗಿನ ಕಾಳು 50 ಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸುತ್ತೇನೆ. ಮರುದಿನ ಗಂಟನ್ನು ಹಿಂಡಿ ಹಿಂಡಿ ಸತ್ವ ತೆಗೆದು, ಸೋಸಿ, ಸ್ವಲ್ಪ ಸೋಪು ಸೇರಿಸಿ ಅದೇ ಸಂಜೆ ಹೊಡೆದು ಮುಗಿಸುತ್ತೇನೆ. ಬೀಜ ವರ್ಷ ದಾಟಿದರೆ ಕಸುವು ಕಡಿಮೆಯಾಗುತ್ತದೆ, ಹಳೆಯದನ್ನು ಗೊಬ್ಬರದ ಗುಂಡಿಗೆ ಹಾಕಿ ಹೊಸದನ್ನು ಆರಿಸಿಕೊಳ್ಳಿ.