ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡುವುದು ಹೇಗೆ?

ಬೆಳಿಗ್ಗೆ ಆರಕ್ಕೆ ಹೋದರೆ ಹಕ್ಕಿ ಸಿಕ್ಕೇ ಸಿಗುತ್ತದೆ ಎಂಬ ಕಾಡಿನ ಲೆಕ್ಕ ಅಳಿವೆಯಲ್ಲಿ ನಡೆಯುವುದಿಲ್ಲ. 2024ರ ಜನವರಿಯಲ್ಲಿ ಪ್ರಕಟವಾದ ರಾಮ್ಸಾರ್ ತಾಣಗಳ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ) ಪೈಕಿ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯೂ ಒಂದು. ವಿಸ್ತೀರ್ಣ 4,801 ಹೆಕ್ಟೇರ್. ಇಷ್ಟು ದೊಡ್ಡ ಜಾಗದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಉಬ್ಬರ-ಇಳಿತ ನೋಡಿಯೇ ತೀರ್ಮಾನಿಸಬೇಕು.

ಮೊದಲು ಹೊತ್ತು

ಕಾರವಾರ ಬಂದರಿನ ಉಬ್ಬರದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಕಳೆದ ವಾರದ ಹೊತ್ತು ಈ ವಾರಕ್ಕೆ ಬಾರದು. ನೀರು ಪೂರ್ತಿ ಇಳಿದಾಗ ಹಕ್ಕಿಗಳು ಕೆಸರು ಬಯಲಿನ ತುಂಬ ಚದುರಿ, ಬೈನಾಕ್ಯುಲರಿಗೂ ಚುಕ್ಕೆಗಳಾಗಿಯೇ ಕಾಣುತ್ತವೆ. ತುಂಬು ಉಬ್ಬರಕ್ಕೆ ಎರಡು ಗಂಟೆ ಮೊದಲೇ ಜಾಗ ಹಿಡಿದು ಕೂತರೆ, ಏರುವ ನೀರು ಅವನ್ನು ದಡದತ್ತ ತಳ್ಳುತ್ತ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಏರಿಳಿತ ಜೋರು. ಅಷ್ಟಮಿಯ ಹೊತ್ತಿಗೆ ಮಂದ.

ನವೆಂಬರಿನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳ ಹಂಗಾಮು. ಆದರೆ ಮಾರ್ಚ್ ಕೊನೆಯನ್ನು ಬಿಡಬೇಡಿ: ಚಳಿಗಾಲವಿಡೀ ಮಣ್ಣುಬಣ್ಣದಲ್ಲಿದ್ದ, ದಡದಲ್ಲಿ ಮೇಯುವ ಪುಟ್ಟ ಹಕ್ಕಿಗಳಾದ ಸ್ಯಾಂಡ್ ಪ್ಲವರ್‌ಗಳ ಎದೆ, ಉತ್ತರಕ್ಕೆ ಹೊರಡುವ ಮುಂಚೆ ಇಟ್ಟಿಗೆ ಕೆಂಪಿಗೆ ತಿರುಗತೊಡಗುತ್ತದೆ.

ನಂತರ ಜಾಗ

ತದಡಿ ಬಂದರು ಉತ್ತರ ದಡದಲ್ಲಿದೆ. ಮೀನುಗಾರಿಕಾ ದೋಣಿಗಳು ಮರಳುವಾಗ ಕಡಲಕ್ಕಿ, ಗರುಡಗಳು ತಲೆಯ ಮೇಲೇ ಸುತ್ತುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದಿಗೂ ಆಕಾಶ ನೋಡುತ್ತಿರಿ. ಇಲ್ಲಿನ ತೊಂದರೆ ಬೆಳಕು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಹೊತ್ತೇರಿದ ಮೇಲೆ ತದಡಿಯಿಂದ ನೀರಿನತ್ತ ನೋಡಿದರೆ ಹಕ್ಕಿಗಳೆಲ್ಲ ಕರಿ ನೆರಳು. ಆಗ ಎದುರಿನ ಅಘನಾಶಿನಿ ಊರಿನ ದಡವೇ ವಾಸಿ. ಕುಮಟಾದಿಂದ ಕಾಗಾಲ ಮಾರ್ಗವಾಗಿ ಅಲ್ಲಿಗೆ ಹೋಗಬಹುದು.

ಉಬ್ಬರ ತುಂಬಿದಾಗ ಹಕ್ಕಿಗಳು ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ದಂಡೆ ಸೇರಿ ವಿಶ್ರಮಿಸುತ್ತವೆ. ಮಾಣಿಕಟ್ಟಾದಂಥ ಊರುಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ನೆಲದಲ್ಲಿ ಸೀಗಡಿ, ಮೀನು. ತೂಬಿನ ಬಳಿ ನೀರಿನೊಂದಿಗೆ ಮೀನು ಸಾಗುವುದರಿಂದ ಬೆಳ್ಳಕ್ಕಿ, ಮಿಂಚುಳ್ಳಿಗಳು ಅಲ್ಲೇ ಹೊಂಚು ಹಾಕುತ್ತವೆ. ಈ ದಂಡೆಗಳು ಮಣ್ಣಿನವು, ಖಾಸಗಿಯೂ ಹೌದು, ಕೇಳಿಯೇ ಹತ್ತಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂತರೆ ಕರಿತಲೆ ಮಿಂಚುಳ್ಳಿಯೂ ಕಾಣಬಹುದು.

ಗುರುತು ಹಿಡಿಯುವುದು

8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ಸ್ಪಾಟಿಂಗ್ ಸ್ಕೋಪ್ (ಒಂಟಿ ಕೊಳವೆಯ ದುರ್ಬೀನು) ಇದ್ದರೆ ಟ್ರೈಪಾಡನ್ನು ತಗ್ಗಿಸಿ ಕೂತು ನೋಡಿ. ಎತ್ತರಿಸಿದರೆ ಕಡಲಗಾಳಿಗೆ ಚಿತ್ರ ನಡುಗುತ್ತದೆ. ಬಿಸಿಲೇರಿದರೆ ಕೆಸರಿನ ಮೇಲಿನ ಗಾಳಿ ಕುಣಿಯತೊಡಗುತ್ತದೆ, ಆಗ 60 ಪಟ್ಟು ಹಿಗ್ಗಿಸಿದರೂ ಮಸುಕೇ. 20–30 ಪಟ್ಟಿಗೆ ಇಳಿಸಿಕೊಳ್ಳಿ.

ಬಣ್ಣವೊಂದನ್ನೇ ನಂಬಿದರೆ ಚಳಿಗಾಲದಲ್ಲಿ ಎಲ್ಲವೂ ಬೂದು. ಕೊಕ್ಕು ನೋಡಿ. ಕೆಸರಲ್ಲಿ ಮೇಯುವ ಕರ್ಲ್ಯೂ ಹಕ್ಕಿಯ ಕೊಕ್ಕು ತಲೆಯ ಮೂರು ಪಟ್ಟು ಉದ್ದವಿದ್ದು ಕೆಳಗೆ ಬಾಗಿರುತ್ತದೆ; ವಿಂಬ್ರೆಲ್‌ನದು ಎರಡು ಪಟ್ಟು, ನೆತ್ತಿಯ ಮೇಲೆ ಪಟ್ಟೆ ಬೇರೆ. ಮರಿ ಕರ್ಲ್ಯೂ ಕೊಕ್ಕು ಗಿಡ್ಡವಾದ್ದರಿಂದ ಎಡವುವುದು ಇಲ್ಲೇ. ಪಟ್ಟೆ ಕಾಣದೆ ಹೆಸರು ಬರೆಯಬೇಡಿ. ಪುಟ್ಟ ಪ್ಲವರ್‌ಗಳಲ್ಲಿ ಕತ್ತಿನ ಹಿಂದೆ ಬಿಳಿ ಪಟ್ಟಿ ಪೂರ್ತಿ ಸುತ್ತಿದ್ದರೆ ಕೆಂಟಿಷ್, ಇಲ್ಲದಿದ್ದರೆ ಸ್ಯಾಂಡ್ ಪ್ಲವರ್. ಹಾರುವಾಗ ರೆಕ್ಕೆಯ ಹಿಂಬದಿಗೆ ಅಗಲ ಬಿಳಿ ಅಂಚಿದ್ದರೆ ರೆಡ್‌ಶಾಂಕ್. ಬೆನ್ನ ಮೇಲೆ ಬಿಳಿ ಮೊನೆ ಏರಿದ್ದರೆ ಗ್ರೀನ್‌ಶಾಂಕ್.

ಫೋಟೋಕ್ಕಾಗಿ ಕೆಸರಿಗೆ ಇಳಿಯಬೇಡಿ. ಮೊಣಕಾಲುದ್ದ ಹೂತರೆ ಏಳುವುದು ಕಷ್ಟ, ಸಿಂಪಿಯ ಚೂಪು ಅಂಚಿಗೆ ಅಂಗಾಲು ಸೀಳುತ್ತದೆ, ನೀರು ಹಿಂದಿನ ಕಾಲುವೆಯಿಂದಲೂ ಏರಿ ದಾರಿ ಮುಚ್ಚುತ್ತದೆ. ಇಳಿತದಲ್ಲಿ ಚಿಪ್ಪೆಕಲ್ಲು ಆಯುವವರಿಗೆ ಅಲ್ಲಿನ ಗಟ್ಟಿ ನೆಲ ಗೊತ್ತು, ನಮಗೆ ಗೊತ್ತಿಲ್ಲ. ಹಿಂಡನ್ನು ಮೇಲಿಂದ ಮೇಲೆ ಎಬ್ಬಿಸುವುದೂ ತಪ್ಪು. ವಲಸೆಗೆ ಕೂಡಿಟ್ಟ ಕೊಬ್ಬು ವೃಥಾ ಕರಗುತ್ತದೆ.

ಎಣಿಸುವಾಗ ಹತ್ತು ಹಕ್ಕಿಗಳ ಗುಂಪು ಎಷ್ಟು ಜಾಗ ಹಿಡಿಯುತ್ತದೆಂದು ನೋಡಿಕೊಂಡು, ಹಿಂಡಿನುದ್ದಕ್ಕೂ ಆ ಅಳತೆ ಹಾಕುತ್ತ ಹೋಗಿ. ಇ-ಬರ್ಡ್‌ಗೆ (ಹಕ್ಕಿ ದಾಖಲೆಗಳ ಜಾಲತಾಣಕ್ಕೆ) ಪಟ್ಟಿ ಸೇರಿಸುವಾಗ ಟಿಪ್ಪಣಿಯಲ್ಲಿ ಉಬ್ಬರವೋ ಇಳಿತವೋ, ಅದು ಶುರುವಾಗಿ ಎಷ್ಟು ಹೊತ್ತಾಗಿತ್ತು ಎಂದು ಬರೆಯಿರಿ. ಅದಿಲ್ಲದಿದ್ದರೆ ಇಂದಿನ ಐನೂರನ್ನೂ ನಾಳೆಯ ಐವತ್ತನ್ನೂ ಹೋಲಿಸಲಾಗದು.