ಕ್ಯಾಲಿಫೋರ್ನಿಯಾಕ್ಕೆ ಹೊರಟವರಿಗೆ: ಶಿಕಾರಿ, ಸೀಸದ ಗುಂಡು, ಒಂದು ದೊಡ್ಡ ಹದ್ದು

ರಜೆಗೆ ಧಾರವಾಡಕ್ಕೆ ಬಂದಿದ್ದೇನೆ. ಅಕ್ಕನ ಮಗ ಮುಂದಿನ ತಿಂಗಳು ಕ್ಯಾಲಿಫೋರ್ನಿಯಾದ ಫ್ರೆಸ್ನೋಕ್ಕೆ ಹೊರಟಿದ್ದಾನೆ. ಬಾಡಿಗೆ ಮನೆ, ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ಎಲ್ಲ ಕೇಳಿ ಮುಗಿಸಿ, ನಿನ್ನೆ ಮಿರ್ಚಿ ಭಜಿ ತಿನ್ನುತ್ತಾ ಮೆಲ್ಲಗೆ ಕೇಳಿದ: "ಮಾಮಾ, ಅಲ್ಲಿ ಶಿಕಾರಿ ಮಾಡಬಹುದಂತಲ್ಲ, ಖರೇನಾ?" ಹುಬ್ಬಳ್ಳಿ, ಗದಗ ಕಡೆಯಿಂದ ಬರುವ ಹುಡುಗರೆಲ್ಲ ಇದನ್ನು ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಖರೇ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಮುಗಿದ ಮಾತು. ಅಲ್ಲಿ ತರಬೇತಿ ಪಾಸಾಗಿ, ಲೈಸೆನ್ಸ್ ತಗೊಂಡು, ಸೀಸನ್ ನೋಡಿಕೊಂಡು ಜಿಂಕೆ, ಕಾಡುಹಂದಿ, ಬಾತು ಹೊಡೆಯಬಹುದು. ಆದರೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಹುಷಾರು. ಹಂಟಿಂಗ್ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಬಂದೂಕು ಬಿಡಿ, ಒಂದು ಗುಂಡು ಇಟ್ಟುಕೊಂಡರೂ ಫೆಡರಲ್ (ಅಮೆರಿಕದ ಕೇಂದ್ರ) ಕಾನೂನಿನಲ್ಲಿ ಅಪರಾಧ. ಗೆಳೆಯ ಕೊಟ್ಟ, ಸುಮ್ನೆ ಹಿಡಿದೆ ಅಂದರೆ ನಡೆಯಲ್ಲ.

ಇನ್ನು ಗುಂಡಿನ ವಿಷಯ. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಜಿಂಕೆಗೆ ತಾಮ್ರದ ಗುಂಡು, ಬಾತಿಗೆ ಉಕ್ಕಿನ ಚರೆ. ಬರೀ ಗುರಿ ಅಭ್ಯಾಸಕ್ಕೆ ಈ ನಿಯಮ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಎರಡೂ ಸಿಗುತ್ತವೆ, ಗೊಂದಲ ಆಗೋದೇ ಇಲ್ಲಿ. ಹಾವೇರಿ ಕಡೆಯ ಪರಿಚಯದ ಹುಡುಗನೊಬ್ಬ ತಾಮ್ರದ ಗುಂಡು ತಂದಿದ್ದ, ಪಾಪ. ಆದರೆ ಅಭ್ಯಾಸಕ್ಕೆ ತಂದು ಉಳಿದಿದ್ದ ನಾಲ್ಕು ಸೀಸದ ಗುಂಡು ಜಾಕೆಟ್ ಜೇಬಲ್ಲೇ ಇದ್ದವು. ಬೇಟೆಗೆ ಹೋದಾಗ ಅಂಥ ಗುಂಡೂ ಅದನ್ನು ಹಾರಿಸಬಲ್ಲ ಬಂದೂಕೂ ಜೊತೆಗಿದ್ದರೆ ಅದೇ ತಪ್ಪು. ಹಾರಿಸಬೇಕೆಂದೇನಿಲ್ಲ. ಹೊರಡೋ ಮುಂಚೆ ಜೇಬು, ಚೀಲ, ಕಾರಿನ ಡಿಕ್ಕಿ ಎಲ್ಲ ಜಾಡಿಸಿ ನೋಡಿ.

ಇಷ್ಟೊಂದು ಬಿಗಿ ಯಾಕೆ ಅಂತೀರಾ? ನಾನು ಚಿಕ್ಕವನಿದ್ದಾಗ ಲಕ್ಷ್ಮೇಶ್ವರದ ಹೊರಗೆ ಸತ್ತ ದನ ಎಳೆದು ಹಾಕಿದರೆ ರಣಹದ್ದು ಇಳಿಯುತ್ತಿದ್ದವು. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧ ದೇಶದ ತುಂಬ ಅವನ್ನು ಮುಗಿಸಿತು. 2006ರಲ್ಲಿ ಆ ಔಷಧ ನಿಲ್ಲಿಸುವ ಹೊತ್ತಿಗೆ ಆಕಾಶ ಖಾಲಿಯಾಗಿತ್ತು. ಅಲ್ಲಿನ ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನೋ ದೊಡ್ಡ ರಣಹದ್ದಿನ ಕಥೆಯೂ ಹೀಗೇ, ಔಷಧದ ಜಾಗದಲ್ಲಿ ಸೀಸ ಅಷ್ಟೇ. ಗುಂಡು ಜಿಂಕೆಯ ಎಲುಬಿಗೆ ಬಡಿದಾಗ ಸೀಸ ಉಪ್ಪಿಟ್ಟಿನ ರವೆಯಷ್ಟು ಸಣ್ಣಗೆ ಪುಡಿಯಾಗಿ ಮಾಂಸದೊಳಗೆ ಚೆದುರುತ್ತದೆ. ಬೇಟೆಗಾರ ಅಲ್ಲೇ ಹೊಟ್ಟೆ ಸೀಳಿ, ಕರುಳು ಬಿಟ್ಟು ಹೋಗುತ್ತಾನೆ. ಹದ್ದು ಬಂದು ತಿನ್ನುತ್ತದೆ. ಹೊಟ್ಟೆಯ ಆಮ್ಲಕ್ಕೆ ಸೀಸ ಕರಗಿ ರಕ್ತ ಸೇರುತ್ತದೆ. ಅನ್ನನಾಳವೇ ಜಡವಾಗಿ, ಗಂಟಲ ಚೀಲದಲ್ಲಿ ಮಾಂಸ ತುಂಬಿದ್ದರೂ ಹಕ್ಕಿ ಹಸಿದು ಸಾಯುತ್ತದೆ.

1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕಾಂಡೋರ್ ಬರೀ 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ತಂದು, ಮೃಗಾಲಯಗಳಲ್ಲಿ ಮರಿ ಮಾಡಿಸಿ, 1992ರಿಂದ ಮತ್ತೆ ಹಾರಿಬಿಟ್ಟರು. ಈಗ ಎಲ್ಲ ಸೇರಿ 500ಕ್ಕೂ ಜಾಸ್ತಿ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ಒಂದು ಸತ್ತರೂ ಲೆಕ್ಕ ತಪ್ಪುತ್ತದೆ.

ಶಿಕಾರಿ ಮಾಡದವರಿಗೂ ಒಂದು ಮಾತು. ಆಫೀಸಿನ ಗೆಳೆಯರು ಪ್ರೀತಿಯಿಂದ ಜಿಂಕೆ ಮಾಂಸ ಕೊಡುತ್ತಾರೆ. ತಿನ್ನುವವರಾದರೆ ಯಾವ ಗುಂಡು ಅಂತ ಕೇಳಿ, ಅಲ್ಲಿ ಯಾರೂ ತಪ್ಪು ತಿಳಿಯಲ್ಲ. ಸೀಸಕ್ಕೆ ಇಂಥ ನಿಷೇಧ ಇಲ್ಲದ ಬೇರೆ ರಾಜ್ಯದಿಂದ ಬಂದ ಕೀಮಾ ಆದರಂತೂ ಮನೆಯಲ್ಲಿ ಮಕ್ಕಳು, ಬಸುರಿಯರು ಇದ್ದರೆ ಬೇಡ ಅಂದುಬಿಡಿ.

ಹಕ್ಕಿ ನೋಡೋ ಆಸೆ ಇದ್ದರೆ ಪಿನ್ನಕಲ್ಸ್ ನ್ಯಾಷನಲ್ ಪಾರ್ಕಿಗೆ ಹೋಗಿ. ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿ. ರೆಕ್ಕೆ ಮೇಲೆ ನಮ್ಮ ಬಸ್ಸಿಗೆ ಇರುವ ಹಾಗೆ ನಂಬರ್ ಪಟ್ಟಿ ಇರುತ್ತದೆ. ನೀರು ಜಾಸ್ತಿ ಒಯ್ಯಿರಿ, ಬೇಸಿಗೆಯಲ್ಲಿ ಅಲ್ಲಿ ಬಿಸಿಲು ನಮ್ಮ ಗದಗಿನ ಏಪ್ರಿಲ್‌ಗಿಂತ ಕಮ್ಮಿ ಏನಿಲ್ಲ.