ಊರಿಂದ ಬಂದ ಅಪ್ಪ ಅಮ್ಮನಿಗೆ ಎಪ್ಕಾಟ್ ತೋರಿಸುವುದು ಹೇಗೆ

ಅಮೆರಿಕಕ್ಕೆ ಬಂದ ಅಪ್ಪ ಅಮ್ಮನನ್ನು ಓರ್ಲಾಂಡೊಗೆ ಕರೆದುಕೊಂಡು ಹೋಗ್ತಿದ್ದೀರಾ? ಡಿಸ್ನಿಯ ನಾಲ್ಕು ಪಾರ್ಕ್‌ಗಳಲ್ಲಿ ಒಂದೇ ಸಾಕು ಅಂದರೆ ಎಪ್ಕಾಟ್ ನೋಡಿ. ರೈಡ್ ಹತ್ತದವರಿಗೂ ಇಲ್ಲಿ ದಿನವಿಡೀ ನೋಡುವಷ್ಟಿದೆ. 1982ರಲ್ಲಿ ಶುರುವಾದ ಪಾರ್ಕ್ ಇದು. ಮುಂದಿನ ಭಾಗ ವಿಜ್ಞಾನ, ತಂತ್ರಜ್ಞಾನದ್ದು. ಹಿಂದೆ ಒಂದು ಕೆರೆ, ಅದರ ಸುತ್ತ 11 ದೇಶಗಳ ಶೈಲಿಯಲ್ಲಿ ಕಟ್ಟಿದ ಪುಟ್ಟ ಪುಟ್ಟ ಊರುಗಳು.

ಬೆಳಿಗ್ಗೆ ಗೇಟ್ ತೆರೆಯುವ ಮೊದಲೇ ಹೋಗಿ. ಒಳಗೆ ಕಾಲಿಟ್ಟರೆ ಎದುರಿಗೇ ದೊಡ್ಡ ಗೋಳ, ಸ್ಪೇಸ್‌ಶಿಪ್ ಅರ್ತ್, ಸುಮಾರು 55 ಮೀಟರ್ ಎತ್ತರ, ಒಳಗೊಂದು ರೈಡ್. ಬಂದವರೆಲ್ಲ ಮೊದಲು ಅಲ್ಲೇ ಕ್ಯೂ ನಿಲ್ಲುತ್ತಾರೆ, ನೀವು ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಒಬ್ಬರು ಅವರನ್ನು ವೇಗದ ಕಾರಿನ ರೈಡ್ ಟೆಸ್ಟ್ ಟ್ರ್ಯಾಕ್ ಕಡೆ ಕರೆದುಕೊಂಡು ಹೋಗಲಿ, ಇನ್ನೊಬ್ಬರು ಹಿರಿಯರ ಜೊತೆ 'ದಿ ಲ್ಯಾಂಡ್' ಕಟ್ಟಡಕ್ಕೆ ಹೋಗಿ.

ಅಲ್ಲಿನ ದೋಣಿ ಸವಾರಿಯನ್ನು ಮಾತ್ರ ಬಿಡಲೇಬೇಡಿ. ದೋಣಿ ಗಾಜಿನ ಮನೆಗಳ ಒಳಗೇ ಹೋಗುತ್ತೆ. ಮಣ್ಣಿಲ್ಲದೆ ಬೆಳೆದ ತರಕಾರಿ, ಗಾಳಿಯಲ್ಲಿ ಬೇರು ಬಿಟ್ಟುಕೊಂಡು ನೇತಾಡುವ ಗಿಡಗಳು, ಆ ಬೇರಿಗೆ ಗೊಬ್ಬರದ ನೀರು ಸಿಂಪಡಿಸುವ ವ್ಯವಸ್ಥೆ, ಮೀನು ಸಾಕಣೆ, ಎಲ್ಲವೂ ನಿಜವಾದದ್ದೇ. ಇಲ್ಲಿ ಬೆಳೆದದ್ದು ಪಾರ್ಕ್‌ನ ಹೋಟೆಲ್‌ಗಳಿಗೂ ಹೋಗುತ್ತೆ. ಹೊಲ, ತೋಟ ಮಾಡಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಡೀ ಡಿಸ್ನಿಯಲ್ಲೇ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಊಟ ಮನೆಯಿಂದಲೇ ತರಬಹುದು. ಪುಳಿಯೋಗರೆ, ಚಪಾತಿ ಪಲ್ಯದಂಥದ್ದು, ಬಿಸಿ ಮಾಡಬೇಕಾಗಿಲ್ಲದ್ದು ತನ್ನಿ. ಗಾಜಿನ ಡಬ್ಬಿ ಮಾತ್ರ ಬೇಡ, ಒಳಗೆ ಬಿಡುವುದಿಲ್ಲ. ಕೌಂಟರ್ ಇರುವ ಹೋಟೆಲ್‌ಗಳಲ್ಲಿ ಕೇಳಿದರೆ ತಣ್ಣೀರು ಪುಕ್ಕಟೆ ಕೊಡುತ್ತಾರೆ.

ದೇಶಗಳ ಭಾಗ ಸಾಮಾನ್ಯವಾಗಿ 11 ಗಂಟೆಗೆ ತೆರೆಯುತ್ತೆ. ಕೆರೆ ಸುತ್ತಲು ಸುಮಾರು 2 ಕಿಲೋಮೀಟರ್ ನಡಿಗೆ, ಬಿಸಿಲಂತೂ ಜಾಸ್ತಿ. ಮಂಡಿ ನೋವಿದ್ದರೆ ಗೇಟ್ ಹತ್ತಿರವೇ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಂಡುಬಿಡಿ, ಸಂಕೋಚ ಬೇಡ. ಮೊದಲು ಮೆಕ್ಸಿಕೊ: ಪಿರಮಿಡ್ ಒಳಗೆ ಎಸಿ ಇದೆ, ಯಾವಾಗಲೂ ಸಂಜೆಯ ಬೆಳಕು. ಅಮೆರಿಕದ ಪ್ರದರ್ಶನದಲ್ಲಿ ಅರ್ಧ ಗಂಟೆ ಕೂತು ಕಾಲಿಗೆ ವಿಶ್ರಾಂತಿ ಕೊಡಬಹುದು. ಮೊರಾಕೊದಲ್ಲಿ ನಿಧಾನ ಮಾಡಿ. ಅಲ್ಲಿನ ಬಣ್ಣದ ಟೈಲ್ಸ್ ಕೆಲಸಕ್ಕೆ ಆ ದೇಶದ ರಾಜ ಎರಡನೇ ಹಸನ್ ತಮ್ಮ ಕುಶಲಕರ್ಮಿಗಳನ್ನೇ ಕಳಿಸಿದ್ದರು. ಭಾರತ ಎಲ್ಲಿ ಅಂತ ಅಪ್ಪ ಕೇಳೇ ಕೇಳ್ತಾರೆ. ಇಲ್ಲ, ಈ ಹನ್ನೊಂದರಲ್ಲಿ ನಮ್ಮ ದೇಶವಿಲ್ಲ, ಅದು ನನಗೂ ಬೇಜಾರೇ.

ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲಿ. ರೇನ್‌ಕೋಟ್ ಬ್ಯಾಗಲ್ಲಿರಲಿ.

ರಾತ್ರಿ ಕೆರೆಯ ಮೇಲೆ ಪಟಾಕಿ ಪ್ರದರ್ಶನ ಇರುತ್ತೆ. ಕಾರು ಮುಂದಿನ ಪಾರ್ಕಿಂಗ್‌ನಲ್ಲಿದ್ದರೆ ಮೆಕ್ಸಿಕೊ, ಕೆನಡಾ ನಡುವಿನ ದಡದಲ್ಲೇ ನಿಲ್ಲಿ. ಮುಗಿದ ಮೇಲೆ ಹಿರಿಯರು ಆ ಜನಜಂಗುಳಿಯಲ್ಲಿ ಕೆರೆ ಸುತ್ತಿ ಬರಬೇಕಾಗುವುದಿಲ್ಲ.